ಸೊಸೆಯ ಚಟ

ಬಸುರಿಯರ ಚಟವನ್ನು ಬೇರೆಯವರ ಮೈಗೆ ದಾಟಿಸುವುದು ಆ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರದ ಕೆಲಸ. ಮನೆಯವರೊಬ್ಬರು ಒಪ್ಪಿ ಕೂತರೆ ಸಾಕು, ಹೆರಿಗೆಯ ತನಕ ಬಸುರಿಗೆ ಅದರ ಆಸೆಯೇ ಹುಟ್ಟದು. ದ್ಯಾಮವ್ವನ ಸೊಸೆ ಕಸ್ತೂರಿ, ಕಲ್ಲುಗಣಿಯ ದುಡಿಮೆಯ ಮೈನೋವಿಗೆಂದು ಹಿಡಿದ ಹೆಂಡವನ್ನು ಬಸುರಾದ ಮೇಲೂ ಬಿಟ್ಟಿರಲಿಲ್ಲ. ಹೀಗೇ ಕುಡಿದರೆ ಮಗು ನೆಟ್ಟಗೆ ಬೆಳೆಯದೆಂದು ಡಾಕ್ಟರು ಹೇಳಿದ್ದರು.

“ಗಂಡ ಹೊರಬಹುದಲ್ಲ?” ಎಂದಳು ನರ್ಸು.

“ನಂದ ನನಗ ಭಾರ ಆಗೇದ, ಅಕ್ಕಾರ,” ಎಂದು ಕಸ್ತೂರಿಯ ಗಂಡ ಯಮನೂರ ಬಾಗಿಲ ಕಡೆ ಜಾರಿದ.

“ಸರಿ ಅತ್ಲಾಗ!” ದ್ಯಾಮವ್ವ ಮಗನನ್ನು ಗದರಿ ಕುರ್ಚಿಯಲ್ಲಿ ಕೂತಳು. “ನಾನೇ ಹೊರ್ತೀನಿ. ಬಿಡಬೇಕಂದ್ರ ಬಿಡೋದು, ಅದರಾಗೇನದ? ಈಕಿಗೆ ನಾಚಿಕಿಲ್ಲ, ಅಷ್ಟ.”

ಕಸ್ತೂರಿ ಪಕ್ಕದಲ್ಲಿ ಕೂತು ಕೈ ಚಾಚಿದಳು. ನರ್ಸು ಇಬ್ಬರ ಮಣಿಕಟ್ಟಿಗೂ ಪಟ್ಟಿ ಸುತ್ತಿ ಗುಂಡಿ ಒತ್ತಿದಳು.

ದ್ಯಾಮವ್ವನ ಬಾಯಿ ಒಣಗಿತು. ಜನ್ಮದಲ್ಲಿ ಹೆಂಡ ಮುಟ್ಟದವಳಿಗೆ ಅದರ ಹುಳಿವಾಸನೆ ಮೂಗಿನಲ್ಲೇ ಕೂತಂತಾಗಿ ಎದ್ದು ಹೆಂಡದಂಗಡಿಗೆ ಓಡಬೇಕೆನಿಸಿತು.

“ದಿನಾ ಹಿಂಗ ಇರ್ತದೇನ?”

“ಮುಂಜಾನಿ ಇನ್ನೂ ಜಾಸ್ತಿ, ಅತ್ತಿ.”

“ನಾ ಅಷ್ಟು ಬೈದರೂ ಒಂದ ಮಾತು ಹೇಳಲಿಲ್ಲಲ್ಲ ನೀ!”

“ವಾಪಸ್ ಕೊಡ್ತೀರೇನಮ್ಮ?” ನರ್ಸು ಕೇಳಿದಳು.

ದ್ಯಾಮವ್ವ ಸೊಸೆಯ ಹೊಟ್ಟೆ ನೋಡಿದಳು. “ಬ್ಯಾಡ. ಇರ್ಲಿ.”

ಹೊರಗೆ ಬಂದಾಗ ಕಸ್ತೂರಿ ಎಷ್ಟೋ ದಿನದ ಮೇಲೆ ಹಸಿವಾಗಿದೆ ಎಂದಳು. ರಸ್ತೆಯ ತಿರುವಿನಲ್ಲಿ ಹೆಂಡದಂಗಡಿ ತೆರೆದಿತ್ತು. ದ್ಯಾಮವ್ವನ ಕಾಲು ತಾವಾಗಿಯೇ ನಿಂತವು.

“ಕಸ್ತೂರಿ, ನನ್ನ ಕೈ ಗಟ್ಟಿ ಹಿಡಕೊ. ಇದನ್ನ ದಾಟೋತನಕ ಬಿಡಬ್ಯಾಡ.”

“ನಡೀರಿ ಅತ್ತಿ,” ಎಂದು ಕಸ್ತೂರಿ ಎರಡೂ ಕೈಯಿಂದ ಹಿಡಿದುಕೊಂಡಳು.