ಹೇಳುವ ಮೊದಲೇ ಮುಗಿದ ಅರ್ಜಿ

ಸಾರವಾಡದ ಹುಚ್ಚವ್ವ ಬಾಕಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ಹೊಲದ ದಾರಿಗಿ ಅಮಸಿದ್ದ ಮುಳ್ಳ ಹಚ್ಚ್ಯಾನವ್ವ" ಎಂದಳು. ಸೈಮಾ ಲ್ಯಾಪ್‌ಟಾಪಿನಲ್ಲಿ ಎರಡಕ್ಷರ ಒತ್ತಿ ಟ್ಯಾಬ್ ಗುಂಡಿ ಕುಟ್ಟಿದಳು. ಅರ್ಜಿ ಮುಗಿದೇಹೋಯಿತು.

"ಹೆಸರು, ಸರ್ವೆ ನಂಬರ್ ಹೇಳ್ರಿ. ಪ್ರಿಂಟ್ ತಗದು ಕೊಡ್ತೀನಿ."

"ನಾ ಇನ್ನೂ ಹೇಳೇ ಇಲ್ಲಲ್ಲ."

ಬಬಲೇಶ್ವರದ ತಹಶೀಲ್ದಾರ ಕಚೇರಿ ಎದುರು ಸೈಮಾಳಿಗೆ ಅದು ಮೊದಲ ದಿನ. ಅಜ್ಜ ಕಾಸಿಮಸಾಬ ಅದೇ ಟೇಬಲ್ಲಿನ ಮೇಲೆ ಟೈಪ್‌ರೈಟರಿನಲ್ಲಿ ಜನರ ಅರ್ಜಿ ಕುಟ್ಟಿ ಮನೆ ನಡೆಸಿದವನು. ಕಣ್ಣು ಮಂಜಾದ ಮೇಲೆ ಟೇಬಲ್ಲನ್ನು ಪಕ್ಕದಲ್ಲೇ ಕೂತು ಅರ್ಜಿ ಬರೆಯುವ ನಾಸೀರನಿಗೆ ಬಿಟ್ಟುಕೊಡಲು ಹೊರಟಿದ್ದ. ಸೈಮಾ ಹಟ ಹಿಡಿದು ಒಂದು ದಿನದ ಮಟ್ಟಿಗೆ ಅದನ್ನು ತನಗಾಗಿ ಕೇಳಿ ಪಡೆದಿದ್ದಳು. ಬಂದ ಗಿರಾಕಿ ಅರ್ಜಿ ಬರೆಸದೆ ಎದ್ದುಹೋದರೆ ಸಂಜೆಗೆ ಟೇಬಲ್ ನಾಸೀರನದು.

ಇವಳ ಧೈರ್ಯಕ್ಕೆಲ್ಲ ಗಂಡ ಜಹೀರನೇ ಕಾರಣ. ತೊರವಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಅವನು ಲ್ಯಾಪ್‌ಟಾಪಿನಲ್ಲಿ ಬರೆಯಲು ಎಡಿಟರ್ ಎಂಬ ಹೊಸ ತಂತ್ರಾಂಶವೊಂದನ್ನು ಹಾಕಿಕೊಟ್ಟಿದ್ದ. ತೆರೆದರೆ ಬರೀ ಖಾಲಿ ಕಿಟಕಿ. ಸೈಮಾ ಮುಖ ಕಿವುಚಿದಾಗ, "ಇದು ಟ್ರ್ಯಾಕ್ಟರ್ ಇದ್ದಂಗ. ನೇಗಿಲಾ ಹಚ್ಚು, ಕೂರಿಗಿ ಹಚ್ಚು, ಟ್ರಾಲಿ ಹಚ್ಚು, ಹಚ್ಚಿದ್ದನ್ನ ಎಳೀತೈತಿ" ಎಂದಿದ್ದ. ಹಾಗೆ ಹಚ್ಚುವ ಸಲಕರಣೆಗಳಿಗೆ ಅವನು ಪ್ಯಾಕೇಜು ಎನ್ನುತ್ತಿದ್ದ. ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. ಕಾಗುಣಿತ ತಿದ್ದುವ ಪ್ಯಾಕೇಜು, ಸಾಲುಗಳಿಗೆ ಬಣ್ಣ ಬಳಿಯುವ ಪ್ಯಾಕೇಜು, ಅರ್ಧ ಬರೆದ ಶಬ್ದವನ್ನು ತಾನೇ ಮುಗಿಸುವ ಪ್ಯಾಕೇಜು. ಬೀಗರಿಗೆ ಹೋಳಿಗೆ ಬಡಿಸಿದಂತೆ ಸಾಕೆಂದರೂ ಹಾಕುತ್ತಲೇ ಹೋದ. ಕೊನೆಯದು ಈ ಟ್ಯಾಬ್ ಮಾಯೆ. ಅಜ್ಜನ ಹಳೇ ಅರ್ಜಿಗಳ ಒಕ್ಕಣೆಯನ್ನು ಅದರೊಳಗೆ ತುಂಬಿದ್ದ. ಎರಡಕ್ಷರ ಒತ್ತಿದರೆ ಸಾಕು, ಮಾನ್ಯರೇ ಎಂಬಲ್ಲಿಂದ ತಮ್ಮ ವಿಶ್ವಾಸಿ ಎಂಬಲ್ಲಿಯವರೆಗೆ ತಾನೇ ಸುರಿಯುತ್ತಿತ್ತು.

ಸೈಮಾ ಓದಿ ಹೇಳಿದಳು: "ನಾವು ಬಡ ರೈತ ಕುಟುಂಬದವರಿದ್ದು, ಪಕ್ಕದ ಹೊಲದವರು ದಾರಿಗೆ ಅಡ್ಡಿಪಡಿಸಿ ತೀವ್ರ ಮಾನಸಿಕ ಹಿಂಸೆ ನೀಡುತ್ತಿರುತ್ತಾರೆ."

"ಚಂದ ಐತಿ," ಎಂದಳು ಹುಚ್ಚವ್ವ. "ಖರೆ, ಇದು ಯಾರದು?"

"ನಿಮ್ಮದ ರಿ."

"ನಾ ಬಾಯಿ ತಗಿಯೂದ್ರೊಳಗ ನಂದು ಹೆಂಗಾತು? ನಿಮ್ಮಜ್ಜ ಹಿಂಗ ಇರಲಿಲ್ಲ ಬಿಡು. ಮೊದಲ ಎಲ್ಲಾ ಕೇಳತಿದ್ದ." ಹುಚ್ಚವ್ವ ಹೆಸರನ್ನೂ ಹೇಳದೆ, ಎದ್ದೂ ಹೋಗದೆ ಬಾಕಿಗೆ ಅಂಟಿಕೊಂಡಳು.

ಅಷ್ಟರಲ್ಲಿ ಬಸ್ಸಿಳಿದು ಬಂದ, ತಲೆಗೆ ಪಟಕಾ ಸುತ್ತಿದ ಮನುಷ್ಯನೊಬ್ಬ ಅವಳನ್ನು ನೋಡಿಯೂ ನೋಡದವನಂತೆ ಬಾಕಿನ ಇನ್ನೊಂದು ತುದಿಗೆ ಕೂತ. "ನಮ್ಮ ಟ್ರ್ಯಾಕ್ಟರ್ ಹಾಯೋ ದಾರಿದು ತಕರಾರ ಐತ್ರಿ. ಬರ್ಕೋರಿ, ಅಮಸಿದ್ದ ಅಂತ." ಹಳೇ ಗಿರಾಕಿ ಸಿಟ್ಟಾಗಿರುವಾಗ ಹೊಸಬನಾದರೂ ಸಿಕ್ಕನಲ್ಲ ಎಂಬ ಖುಷಿಯಲ್ಲಿ ಸೈಮಾ ಹೆಸರಿನ ಕಡೆ ಲಕ್ಷ್ಯ ಕೊಡಲಿಲ್ಲ. ಟ್ಯಾಬ್ ಕುಟ್ಟಿ ಪ್ರಿಂಟ್ ತೆಗೆದು ಕೈಗಿಟ್ಟಳು. ಅಮಸಿದ್ದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದ. ಮಾನಸಿಕ ಹಿಂಸೆಗೆ ಬರುವ ಹೊತ್ತಿಗೆ ಹುಚ್ಚವ್ವ ಕೈ ಚಾಚಿದಳು.

"ತಾ ಇಲ್ಲಿ, ಅದು ನಂದು."

ಅಮಸಿದ್ದ ಕಾಗದ ನೋಡಿದ, ಸೈಮಾಳನ್ನು ನೋಡಿದ. "ಏನ್ ಬೇ ತಂಗಿ, ಅಕಿಗೂ ಮಾನಸಿಕ ಹಿಂಸೆ, ನನಗೂ ಮಾನಸಿಕ ಹಿಂಸೆ. ಹಂಗಾದ್ರ ಕೊಟ್ಟಾವ್ರು ಯಾರು?"

ಇಬ್ಬರೂ ಒಟ್ಟಿಗೇ ಎದ್ದು ನಾಸೀರನ ಟೇಬಲ್ ಕಡೆ ಕಣ್ಣು ಹಾಯಿಸಿದರು. ಸೈಮಾ ಗಡಿಬಿಡಿಯಿಂದ ಜಹೀರನಿಗೆ ಫೋನ್ ಮಾಡಿ, ಎದುರು ಪಾರ್ಟಿಗೆ ಬೇರೆ ಪ್ಯಾಕೇಜ್ ಉಂಟೇನು ಎಂದು ಪಿಸುಗುಟ್ಟಿದಳು. "ಇಲ್ಲಾಂದ್ರ ಹೊಸಾ ಪ್ಯಾಕೇಜ್ ನಾನ ಬರದು ಕೊಡ್ತೀನಿ," ಎಂದು ಅವನು ಹಿಗ್ಗಿದ. "ಇಬ್ಬರ ಜಗಳಕ್ಕ ಏನು ಫರಕ್ ಐತಿ, ಅದಷ್ಟ ಹೇಳು."

ಹೇಳಲು ಸೈಮಾಳಿಗೆ ಏನೂ ಗೊತ್ತಿರಲಿಲ್ಲ. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. ಫೋನ್ ಇಟ್ಟು, ಪ್ಯಾಕೇಜುಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿ, ಮತ್ತೆ ಖಾಲಿ ಕಿಟಕಿ ತೆರೆದಳು. "ಕುಂದರ್ರಿ ಇಬ್ಬರೂ. ಮೊದಲಿಂದ ಹೇಳ್ರಿ."

"ಮೊದಲಿಂದ ಅಂದ್ರ ಇವನ ಮಗಳ ಮದುವಿಯಿಂದ ಹೇಳಬೇಕು," ಎಂದು ಹುಚ್ಚವ್ವ ಚಕ್ಕಳಮಕ್ಕಳ ಹಾಕಿ ಕೂತಳು. "ಬಾಜು ಹೊಲದಾಕಿ ನಾ. ಆ ಕೂಸಿಗಿ ನೀರೆರದು ಬೆಳಸೀನಿ. ಮನಿಗಿ ಬಂದು ಕುಂಕುಮ ಹಚ್ಚಿ ಮದುವಿಗಿ ಕರಿಬೇಕೋ ಬ್ಯಾಡೋ? ಮೊಬೈಲ್‌ನ್ಯಾಗ ಒಂದು ಕಾರ್ಡ್ ಬಿಟ್ಟ. ಊರಿಗೆಲ್ಲಾ ಬಿಟ್ಟಿದ್ದನ್ನ ನನಗೂ ಬಿಟ್ಟ. ಅದಕ್ಕ ನಾ ಇವನ ಟ್ರ್ಯಾಕ್ಟರ್ ನಮ್ಮ ಹೊಲದಾಗ ಹಾಯಾಕ ಬಿಡಲಿಲ್ಲ. ಇವ ನನ್ನ ದಾರಿಗಿ ಮುಳ್ಳ ಹಚ್ಚಿದ."

"ನಮ್ಮನಿಯಾಕಿ ಕರಿಯಾಕ ಬಂದಿದ್ಲು. ನಿಮ್ಮನಿಗಿ ಕೀಲಿ ಹಾಕಿತ್ತು," ಎಂದ ಅಮಸಿದ್ದ.

"ಮರುದಿನ ಬರಬಾರದೇನು?"

'ಕುಂಕುಮ' ಎಂದು ಬರೆದಿದ್ದ ಸೈಮಾ, ಇದನ್ನು ತಹಶೀಲ್ದಾರರಿಗೆ ಹೇಗೆ ತಿಳಿಸುವುದೆಂದು ತೋಚದೆ ಬೆರಳು ಎತ್ತಿ ಕೂತಿದ್ದಳು. ಅಮಸಿದ್ದ ತನ್ನ ಅರ್ಜಿಯನ್ನು ಮಡಚಿ ಕಿಸೆಗೆ ತುರುಕಿ, ಎದ್ದು ಬಂದು ಹುಚ್ಚವ್ವನ ಎದುರು ಪಟಕಾ ಸರಿಮಾಡಿಕೊಂಡು ನಿಂತ.

"ಯಕ್ಕಾ, ನಮ್ಮ ಹುಡುಗಿದು ಮದುವಿ ಐತಿ. ನೀ ಮನಿಮಂದಿನೆಲ್ಲಾ ಕರ್ಕೊಂಡ ಬರಬೇಕು."

ಮದುವೆಯಾದ ಆ ಹುಡುಗಿಯ ಮಡಿಲಲ್ಲಿ ಆಗಲೇ ಕೂಸಿತ್ತು. ಹುಚ್ಚವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಬರ್ತೀನಿ ತಗೋ. ಮೊದಲ ಆ ಮುಳ್ಳ ತಗಿ."

ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಜಗಳಾಡುತ್ತಲೇ ನಡೆದರು. ಬಂದ ಗಿರಾಕಿಗಳಿಬ್ಬರೂ ಅರ್ಜಿ ಕೊಡದೆಯೇ ಹೋದಂತಾಯಿತು. ಟೇಬಲ್ ಕೈ ಬಿಟ್ಟಿತೆಂದು ಸೈಮಾ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಾಗ, ನಾಸೀರನ ಎದುರು ಸರದಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಹನಮವ್ವ ಎಂಬಾಕೆ ಬಂದು ಬಾಕಿನ ಮೇಲೆ ಕೂತು, ಚೀಲ ಪಕ್ಕಕ್ಕಿಟ್ಟುಕೊಂಡಳು.

"ಅಲ್ಲಿ ಲಗೂನ ಮುಗಸ್ತಾರವ್ವ," ಎಂದಳು. "ನಂದು ಜರಾ ಉದ್ದ ಐತಿ."