ಆರಿದ ಕಾಫಿ

ಕಳ್ಳತನ ಮನೆಯೊಳಗಿಂದಲೇ ಆಗಿದೆ ಎಂಬುದು ಲಕ್ಷ್ಮೀನರಸಿಂಹಯ್ಯ ಮೇಷ್ಟರಿಗೆ ಖಾತ್ರಿಯಾಯಿತು.

ಕೈಯಲ್ಲಿದ್ದದ್ದು ತಮ್ಮ ಮನೆಪಾಠ ಬಿಟ್ಟುಹೋದವನೊಬ್ಬನ ನೋಟ್‌ಬುಕ್. ವಿಜಯನಗರದಲ್ಲಿ ಹೊಸದಾಗಿ ಶುರುವಾದ ಇಂಗ್ಲಿಷ್ ಕ್ಲಾಸಿನದು. ಮೂರು ತಿಂಗಳಲ್ಲಿ ಹದಿನಾಲ್ಕು ಜನ ಅಲ್ಲಿಗೆ ಹಾರಿದ್ದರು. ಉಳಿದ ಆರು ಜನವೂ ಹೋದರೆ ಇಲ್ಲಿಗೆ ಬೀಗ. ಅದೂ ಹೋಗಲಿ ಎಂದರೆ, ಪುಟದಲ್ಲಿದ್ದದ್ದು ಅವರದೇ ಕಾಫಿ ಪಾಠ!

ಚಾಮರಾಜಪುರಂನಲ್ಲಿ ಆ ಪಾಠಕ್ಕೆ ಮೂವತ್ತು ವರ್ಷದ ಹೆಸರಿತ್ತು. ಸಿಂಪಲ್ ಪಾಸ್ಟ್, ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಬೆವರುವವರ ಮುಂದೆ ಮೇಷ್ಟರು ಒಂದು ಲೋಟ ಕಾಫಿ ಇಡಿಸುತ್ತಿದ್ದರು. ಕುಡಿಯುತ್ತಿರಲಿಲ್ಲ. "ನಿನ್ನೆ ಕಾಫಿ ಆರಿತು. ಲೋಟ ತೊಳೆದಾಯ್ತು, ಕಥೆ ಮುಗೀತು. ಅದು ಸಿಂಪಲ್ ಪಾಸ್ಟ್. ಈ ಕಾಫಿ ಆರಿದೆ. ಇನ್ನೂ ಕಣ್ಮುಂದೆ ಕೂತಿದೆ. ಇದು ಪ್ರೆಸೆಂಟ್ ಪರ್ಫೆಕ್ಟ್!" ಕೊನೆಗೆ, ಲೋಟ ಒಯ್ಯಲು ಬಾಗಿಲಲ್ಲಿ ಕಾದು ನಿಂತ ಹೆಂಡತಿ ಕಮಲಳತ್ತ ಕೈ ತೋರಿ, "ನಮ್ಮನೆಯವಳಿಗೆ ಮಾತ್ರ ಎರಡೂ ಒಂದೇ ಕಣ್ರೋ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಬರೆದಿಟ್ಟ ಪಾಠವಲ್ಲ. ಮತ್ತೆ ಮತ್ತೆ ಕೇಳಿದವರೇ ಕದ್ದು ಅಲ್ಲಿ ಹೇಳಿಕೊಡುತ್ತಿರಬೇಕು. ಒಂದು ದಿನವೂ ತಪ್ಪಿಸದವಳು ಮೈತ್ರೇಯಿ. ಐದು ವರ್ಷದ ಶಿಷ್ಯೆ, ಮಗಳಂತೆ ನೋಡಿಕೊಂಡವಳು. ಅದೇ ಹೊಟ್ಟೆ ಉರಿಸಿತು.

"ಉಂಡ ಮನೆಯ ಜಂತೆ ಎಣಿಸಿದೆಯಲ್ಲಮ್ಮ! ಏಳು, ಹೊರಡು."

"ನಾನಲ್ಲ ಸಾರ್" ಎಂದಳು ಮೈತ್ರೇಯಿ. ಎಲ್ಲರೆದುರು ಅಳುತ್ತಲೇ ಹೋದಳು.

ಮೇಷ್ಟರಿಗೆ ಅನ್ನ ಸೇರಲಿಲ್ಲ. "ಬೆಳೆಸಿದವನ ಬೆನ್ನಿಗೇ ಚೂರಿ ಹಾಕಿದಳು ಕಣೇ."

"ಬಿಡಿ ಅತ್ಲಾಗೆ. ಕಲಿಯೋರು ಎಲ್ಲಾದ್ರೂ ಕಲೀಲಿ" ಎಂದಳು ಕಮಲ. ದಿನಾ ನಾಲ್ಕಕ್ಕೆ ಭಜನೆಗೆ ಹೋಗಿ ಆರಕ್ಕೆ ಬರುವವಳ ಗಂಟಲು ಈಚೆಗೆ ಕಟ್ಟಿಕೊಂಡಿತ್ತು.

ವಾರ ಕಳೆಯಿತು. ತಡೆಯಲಾಗದೆ ಮೇಷ್ಟರು ಒಂದು ಸಂಜೆ ಐದಕ್ಕೆ ಆಟೊ ಹಿಡಿದು ವಿಜಯನಗರಕ್ಕೆ ಹೋದರು. ಮಹಡಿಯ ಕೋಣೆ. ಹೊರಗೆ ರಾಶಿ ಚಪ್ಪಲಿ, ಒಳಗೆ ನಗು. ಮೈತ್ರೇಯಿಗೆ ಅವಳ ಶಿಷ್ಯರ ಎದುರೇ ಛೀಮಾರಿ ಹಾಕಬೇಕೆಂದು ಬಾಗಿಲು ತಳ್ಳಿದರು.

ಮೈತ್ರೇಯಿ ಇದ್ದಳು. ಕೊನೆಯ ಸಾಲಿನಲ್ಲಿ, ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಕೂತಿದ್ದಳು. ಮುಂದೆ, ಮೇಜಿನ ಮೇಲೆ ಒಂದು ಲೋಟ ಕಾಫಿ ಆರುತ್ತಿತ್ತು.

ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದ ಕಮಲ, ಆ ಲೋಟವನ್ನು ಗಂಡನ ಕೈಗಿತ್ತು ಹೇಳಿದಳು: "ಹಿಡ್ಕೊಂಡು ಬಾಗಿಲಲ್ಲಿ ನಿಂತಿರಿ. ಪಾಠ ಇನ್ನೂ ಮುಗಿದಿಲ್ಲ."