ನಾಟಕದ ಲಂಗ

ನಾಟಕದ ಲಂಗ ಹೊಲಿದು ತಂದ ತಾಯಿಯನ್ನು ಶಾಲೆಯ ಬಾಗಿಲಲ್ಲೇ ಮಗಳು ತಡೆದು ನಿಲ್ಲಿಸಿ, ಅಮ್ಮನ ಭಾಷೆಯಲ್ಲಿ ಮಾತಾಡಿದಳು. ಗೆಳತಿಯರು ಪಕ್ಕದಲ್ಲೇ ಇದ್ದರು.

ಹುಟ್ಟಿದಂದಿನಿಂದ ತಾಯಿ ಆ ಭಾಷೆಯಲ್ಲೇ ಮಾತಾಡಿಸಿದರೂ ಮಗಳು ಉತ್ತರ ಕೊಡುತ್ತಿದ್ದುದು ಶಾಲೆಯ ಭಾಷೆಯಲ್ಲಿ. "ಒಂದೇ ಒಂದು ಮಾತು ನಮ್ಮ ಭಾಷೇಲಿ ಆಡೇ, ಪುಟ್ಟಿ" ಎಂದು ಹೊಲಿಗೆ ಯಂತ್ರ ತುಳಿಯುತ್ತಲೇ ತಾಯಿ ಗೋಗರೆಯುತ್ತಿದ್ದಳು.

ಗೆಳತಿಯರಿಗೆ ತಿಳಿಯದಿರಲೆಂದು ಮಗಳು ಈಗ ಆ ಭಾಷೆಯಲ್ಲಿ ಆಡಿದಳು. "ನೀನು ನಮ್ಮ ಟೈಲರ್ ಅಂತ ಹೇಳಿದ್ದೀನಿ. ಪುಟ್ಟಿ ಗಿಟ್ಟಿ ಅನ್ನಬೇಡ. ಅಳತೆ ನೋಡ್ಕೊಂಡು ಹೊರಡು." ಉಚ್ಚಾರದಲ್ಲಿ ಒಂದೂ ತಪ್ಪಿರಲಿಲ್ಲ. ತವರಿನವರೇ ಆಡಿದಂತಿತ್ತು.

ತಾಯಿ ಮಗಳ ಸೊಂಟಕ್ಕೆ ಲಂಗ ಹಿಡಿದು, ಮಂಡಿಯೂರಿ ಅಂಚಿಗೆ ಗುಂಡುಪಿನ್ನು ಚುಚ್ಚಿದಳು. ಆಮೇಲೆ ತಲೆಯೆತ್ತದೆ, ಶಾಲೆಯ ಭಾಷೆಯಲ್ಲಿ ಕೇಳಿದಳು:

"ಉದ್ದ ಸಾಕಾ, ಮೇಡಂ?"